ಮಕ್ಕಳ ಅಳತೆಗೆ ತಕ್ಕ ಟೆನಿಸ್

ಮಗು ಹುಟ್ಟಿದೊಡನೆ ಲಿಂಗಧಾರಣೆ ಮಾಡಿಸುವ ನಮ್ಮ ಮನೆಗಳಲ್ಲಿ, ದೀಕ್ಷೆಯನ್ನು ಮಾತ್ರ ಎಂಟು ವರ್ಷದವರೆಗೆ ತಡೆಯುವ ಪದ್ಧತಿಯುಂಟು. ತಿಳಿವು ಬರುವ ಮೊದಲೇ ಪೂಜಾವಿಧಿಯ ಭಾರವನ್ನು ಹೊರಿಸಬಾರದೆಂಬ ವಿವೇಕ ಅದರಲ್ಲಿದೆ. ಅದೇ ಮಗುವನ್ನು ಆಟದ ತರಬೇತಿಗೆ ಸೇರಿಸುವಾಗ ಮಾತ್ರ ಈ ವಿವೇಕ ನಮ್ಮಿಂದ ದೂರವಾಗುವುದೇಕೆ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಹೆಗ್ಗಡದೇವನಕೋಟೆಗಳ ಕಡೆಯಿಂದ ಮಕ್ಕಳನ್ನು ಮೈಸೂರಿಗೆ ಕರೆದೊಯ್ದು ಟೆನಿಸ್ ಕಲಿಸಬೇಕೆಂದಿರುವ ತಂದೆತಾಯಿಗಳಿಗಾಗಿ ಈ ತಿಂಗಳ ನಮ್ಮ ಮಾತು.

ಈ ಹಂಬಲಕ್ಕೆ ಕಾರಣವಿದೆ. ಪಿರಿಯಾಪಟ್ಟಣದ ಗಡಿ ದಾಟಿದರೆ ಕೊಡಗು. ಅಲ್ಲಿ ಬೆಳೆದ ರೋಹನ್ ಬೋಪಣ್ಣನವರು 2024ರ ಜನವರಿಯಲ್ಲಿ, 43 ವರ್ಷ ತುಂಬಿದ ಮೇಲೆ, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿಯನ್ನು ಗೆದ್ದರು. ಆದರೆ ಅವರು ಟೆನಿಸ್ ಆರಂಭಿಸಿದ್ದು ಹನ್ನೊಂದನೆಯ ವಯಸ್ಸಿನಲ್ಲಿ ಎಂಬುದನ್ನು ಎಷ್ಟು ಮಂದಿ ಗಮನಿಸಿದ್ದಾರೆ? ಹಾಕಿ, ಫುಟ್‌ಬಾಲ್‌ಗಳಲ್ಲಿಯೂ ಅವರಿಗೆ ಆಸಕ್ತಿಯಿತ್ತು. ಕೊಡಗಿನಲ್ಲಿ ಸೌದೆ ಒಡೆದು ತೋಳಿಗೆ ಬಲ ತಂದುಕೊಂಡುದನ್ನು 2025ರಲ್ಲಿ ನಿವೃತ್ತರಾಗುವಾಗ ಅವರೇ ನೆನೆದರು. ಐದು ವರ್ಷದ ಕೂಸಿನ ಕೈಗೆ ದೊಡ್ಡವರ ರ್ಯಾಕೆಟ್ ಕೊಟ್ಟು ಅವಸರಪಡುವವರು ಇದನ್ನು ಮನಗಾಣಬೇಕು.

ದೊಡ್ಡವರ ಟೆನಿಸ್ ಅಂಕಣದ ಉದ್ದ 78 ಅಡಿ. ಬಲೆಯ ಎತ್ತರ ನಡುವೆ 3 ಅಡಿ. ರ್ಯಾಕೆಟ್ ಸಾಮಾನ್ಯವಾಗಿ 27 ಅಂಗುಲ. ಪುಟಿದ ಚೆಂಡು ಆರು ವರ್ಷದ ಮಗುವಿನ ತಲೆಯ ಮೇಲೆಯೇ ಹಾರಿಹೋಗುತ್ತದೆ. ಮಗು ಆಡುವುದಕ್ಕಿಂತ ಹೆಚ್ಚಾಗಿ ಚೆಂಡು ಹೆಕ್ಕುತ್ತದೆ. ನಾಲ್ಕು ತಿಂಗಳಲ್ಲಿ ಬೇಸತ್ತು ಆಟವನ್ನೇ ಬಿಡುತ್ತದೆ. ನಾವು 'ಇವನಿಗೆ ಶ್ರದ್ಧೆ ಇಲ್ಲ' ಎಂದುಬಿಡುತ್ತೇವೆ! ಅಳತೆ ತಪ್ಪಿದ ಅಂಗಿಗೆ ಮೈಯನ್ನು ದೂರಿದಂತಾಯಿತು.

ಇದನ್ನರಿತೇ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟವು ಹತ್ತು ವರ್ಷದೊಳಗಿನ ಮಕ್ಕಳ ಸ್ಪರ್ಧೆಗಳಲ್ಲಿ ನಿಧಾನಗತಿಯ ಚೆಂಡುಗಳನ್ನೇ ಬಳಸಬೇಕೆಂಬ ನಿಯಮವನ್ನು 2012ರಿಂದ ಜಾರಿಗೆ ತಂದಿತು. ಎಳೆಯರಿಗೆ ಕೆಂಪು ಚೆಂಡು. ಅದರ ವೇಗ ಸಾಮಾನ್ಯ ಚೆಂಡಿಗಿಂತ ಸುಮಾರು ಮುಕ್ಕಾಲು ಪಾಲು ಕಡಿಮೆ, ಅಂಕಣ 36 ಅಡಿ. ಎಂಟು ವರ್ಷದ ಸುಮಾರಿಗೆ ಕಿತ್ತಳೆ ಬಣ್ಣದ ಚೆಂಡು. ವೇಗ ಅರ್ಧದಷ್ಟು, ಅಂಕಣ 60 ಅಡಿ. ಅದು ಕೈಗೂಡಿದ ಮೇಲೆ ಹಸಿರು ಚೆಂಡು, ಪೂರ್ಣ ಅಂಕಣ. ರ್ಯಾಕೆಟ್ಟೂ ಹಾಗೆಯೇ, 19–21 ಅಂಗುಲದಿಂದ ತೊಡಗಿ ಮಗುವಿನೊಡನೆ ಬೆಳೆಯಬೇಕು. ಷಟ್‌ಸ್ಥಲವನ್ನು ಬಲ್ಲ ನಮಗೆ ಮೆಟ್ಟಿಲ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

36 ಅಡಿ ಉದ್ದ, 18 ಅಡಿ ಅಗಲ ಎಂದರೆ ಹಳ್ಳಿಯ ಶಾಲೆಯ ಅಂಗಳದಲ್ಲಿಯೂ, ಮಠದ ಆವರಣದಲ್ಲಿಯೂ ದೊರಕುವ ಜಾಗ. ಸುಣ್ಣದಲ್ಲಿ ಗೆರೆ ಎಳೆದು, ಎರಡು ಗೂಟಗಳ ನಡುವೆ ಎರಡೂಮುಕ್ಕಾಲು ಅಡಿ ಎತ್ತರದಲ್ಲಿ ಹಗ್ಗ ಕಟ್ಟಿದರೆ ಅಂಕಣ ಸಿದ್ಧ. ಮೆತ್ತನೆಯ ಚೆಂಡು ಸಡಿಲ ಮಣ್ಣಿನಲ್ಲಿ ಪುಟಿಯದು, ನೆಲ ಗಟ್ಟಿಯಾಗಿರಬೇಕು. ರಾಗಿ ಒಕ್ಕುವ ಕಣ ಇದಕ್ಕೆ ಹೇಳಿಸಿದ್ದು. ಈಗ ರಾಗಿಯನ್ನು ಡಾಂಬರು ರಸ್ತೆಗೇ ಹರಡುವ ಕಾಲ. ಕಣ ಉಳಿಸಿಕೊಂಡ ಮನೆಯವರೇ ಪುಣ್ಯವಂತರು. ಮೈಸೂರಿನ ದಾರಿಯನ್ನು ಆಮೇಲೆ ಹಿಡಿದರಾಯಿತು.

ಇನ್ನೊಂದು ಮಾತು. ಗಂಡುಮಗನಿಗೆ ಮೈದಾನ, ಹೆಣ್ಣುಮಗಳಿಗೆ ಅಡುಗೆಮನೆ ಎಂಬ ಏರ್ಪಾಡು ಅನುಭವ ಮಂಟಪದ ಹೆಸರು ಹೇಳುವವರ ಮನೆಗೆ ಒಪ್ಪುವುದಿಲ್ಲ. ಅಣ್ಣನ ಜೊತೆ ತಂಗಿಯೂ ಅಂಕಣಕ್ಕಿಳಿಯಲಿ. ಮೈ ನೆರೆದಳೆಂದು ಆಟ ಬಿಡಿಸುವುದಂತೂ ಬೇಡವೇ ಬೇಡ.

ತರಬೇತುದಾರರನ್ನು ಕಂಡಾಗ 'ಎಂದು ಪಂದ್ಯ ಗೆಲ್ಲುತ್ತಾನೆ?' ಎಂದು ಕೇಳುವ ಮೊದಲು, 'ಯಾವ ಬಣ್ಣದ ಚೆಂಡಿನಲ್ಲಿ ಕಲಿಸುತ್ತೀರಿ? ಒಬ್ಬರಿಗೆ ಎಷ್ಟು ಮಕ್ಕಳು?' ಎಂದು ಕೇಳಿರಿ. ಆರೇಳು ವರ್ಷದವರಿಗೆ ವಾರಕ್ಕೆ ಎರಡು ದಿನ, ಮುಕ್ಕಾಲು ಗಂಟೆ ಸಾಕೆಂಬುದು ನಮ್ಮ ಅಭಿಪ್ರಾಯ. ಉಳಿದ ದಿನಗಳಲ್ಲಿ ಲಗೋರಿ, ಕುಂಟೆಬಿಲ್ಲೆ ಆಡಲಿ. ಗುರಿ, ಓಟ, ಸಮತೋಲ ಅಲ್ಲಿಯೂ ಕುದುರುತ್ತವೆ. ಮಗು ಮೊಣಕೈ ಅಥವಾ ಭುಜ ನೋವೆಂದರೆ ಸೋಮಾರಿತನದ ನೆಪವೆಂದು ಗದರದೆ, ಅಂದಿನ ಆಟವನ್ನು ನಿಲ್ಲಿಸಿ ಮೊದಲು ರ್ಯಾಕೆಟ್ಟಿನ ಅಳತೆ, ತೂಕಗಳನ್ನು ನೋಡಿರಿ. ನೋವು ಉಳಿದರೆ ವೈದ್ಯರಿಗೆ ತೋರಿಸಿರಿ.