ಸಲಹೆಗಾರನ ನಿಜವಾದ ಬಂಡವಾಳ

ಹಲವು ವರ್ಷ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ತಂತ್ರಜ್ಞರು ಸ್ವತಂತ್ರ ಸಲಹೆಗಾರರಾಗಿ ಕೆಲಸ ಮಾಡುವುದು ಈಗ ಸಾಮಾನ್ಯವಾಗಿದೆ. ಪೂರ್ಣಾವಧಿ ತಜ್ಞರನ್ನು ನೇಮಿಸಿಕೊಳ್ಳಲಾಗದ ಸಣ್ಣ ಉದ್ದಿಮೆದಾರರಿಗೆ ಇದು ಸ್ವಾಗತಾರ್ಹ ಬೆಳವಣಿಗೆಯೇ ಸರಿ. ಆದರೆ ಅನುಭವವೊಂದರಿಂದಲೇ ಯಾರೂ ಒಳ್ಳೆಯ ಸಲಹೆಗಾರರಾಗಲಾರರು.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದ್ ನಗರವನ್ನು ಧ್ವಂಸಗೊಳಿಸಿತು. ಮುಂದೆ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯ ಸ್ಥಾಪನೆಗೆ ಪ್ರೇರಕರಾದ ಎಂ. ವಿಶ್ವೇಶ್ವರಯ್ಯನವರನ್ನು ನಿಜಾಮ್ ಸರ್ಕಾರ ಆಗ ಸಲಹೆಗಾರ ಇಂಜಿನಿಯರಾಗಿ ಕರೆಸಿಕೊಂಡಿತು. ಅವರು ಹಾಳಾದ ದಂಡೆಗಳ ದುರಸ್ತಿಯನ್ನಷ್ಟೇ ಸೂಚಿಸಿ ಸುಮ್ಮನಾಗಲಿಲ್ಲ. ನಗರದ ಮೇಲ್ಭಾಗದಲ್ಲಿಯೇ ನೀರನ್ನು ತಡೆಹಿಡಿಯುವ ಜಲಾಶಯಗಳು ಬೇಕೆಂದರು. ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ಆ ಸಲಹೆಯ ಫಲ. ಕರೆಸಿಕೊಂಡವರು ತೋರಿಸಿದ ತೊಂದರೆಯ ಆಚೆಗೆ ಅದರ ಮೂಲವನ್ನು ಕಾಣುವುದೇ ಸಲಹೆಗಾರನ ಮೊದಲ ಅರ್ಹತೆ.

ಎರಡನೆಯದು ನಿಷ್ಪಕ್ಷಪಾತ. ಯಂತ್ರ ಮಾರುವವನಿಂದ ಗುಟ್ಟಾಗಿ ಕಮಿಷನ್ ಪಡೆಯುವವನು ಸಲಹೆಗಾರನಲ್ಲ, ದಲ್ಲಾಳಿ. ದಲ್ಲಾಳಿತನ ಕೀಳು ವೃತ್ತಿಯಲ್ಲ. ಆದರೆ ಅದನ್ನು ಮರೆಮಾಚುವುದು ವಂಚನೆ. ಅಂಥವನ ಮಾತು ನಂಬಿ ಕೊಂಡ ಯಂತ್ರ ಮೂಲೆ ಸೇರಿದರೂ ಬ್ಯಾಂಕಿನ ಕಂತು ಕಟ್ಟುವವರು ನಾವೇ. ಆದ್ದರಿಂದ ‘ಈ ಯಂತ್ರ ನಿಮಗೆ ಬೇಡ’ ಎಂದು ಧೈರ್ಯವಾಗಿ ಹೇಳಬಲ್ಲ ಸ್ವಾತಂತ್ರ್ಯವೇ ಸಲಹೆಗಾರನ ನಿಜವಾದ ಬಂಡವಾಳ.

ಈ ಸ್ವಾತಂತ್ರ್ಯ ಬರಿಯ ಸಜ್ಜನಿಕೆಯಿಂದ ಉಳಿಯುವುದಿಲ್ಲ. ಕೆಲಸದ ವ್ಯಾಪ್ತಿ, ಅವಧಿ, ಶುಲ್ಕ ಇವೆಲ್ಲ ಆರಂಭದಲ್ಲಿಯೇ ಲಿಖಿತ ಕರಾರಿನಲ್ಲಿರಬೇಕು. ಒಬ್ಬನೇ ಗಿರಾಕಿಯನ್ನು ನೆಚ್ಚಿಕೊಳ್ಳಬಾರದು. ಸಂಬಳವಿಲ್ಲದ ತಿಂಗಳುಗಳಿಗೆಂದು ಆರು ತಿಂಗಳ ಸಂಸಾರದ ಖರ್ಚಾದರೂ ಕೈಯಲ್ಲಿರಬೇಕು. ಗೊತ್ತಿಲ್ಲದ ವಿಷಯದಲ್ಲಿ ಗೊತ್ತಿಲ್ಲವೆಂದು ಒಪ್ಪಿಕೊಂಡು, ಬಲ್ಲವರ ಕಡೆಗೆ ಕಳುಹಿಸುವ ಮನಸ್ಸಿರಬೇಕು.

ಇನ್ನು ನಮ್ಮ ಹೊಣೆಯ ಮಾತು. ಸರಕಿನ ಬಿಲ್ಲನ್ನು ಪಾವತಿಸುವ ನಾವು ಸಲಹೆಯ ಬಿಲ್ಲನ್ನು ‘ಆಮೇಲೆ ನೋಡೋಣ’ ಎಂದು ಬದಿಗಿಡುತ್ತೇವೆ. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ ಸರಕಿಗಷ್ಟೇ ಅಲ್ಲ, ಸೇವೆಗೂ ಅನ್ವಯಿಸುತ್ತದೆ. ಕಿರು ಅಥವಾ ಸಣ್ಣ ಉದ್ದಿಮೆಯಾಗಿ ನೋಂದಾಯಿಸಿಕೊಂಡ ಸಲಹೆಗಾರನಿಗೆ ಲಿಖಿತ ಕರಾರಿದ್ದರೂ 45 ದಿನ ಮೀರದಂತೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ.

ಆದರೆ ಕಾನೂನಿನ ಭಯಕ್ಕಿಂತ ನಮ್ಮ ಹಿತವೇ ಇಲ್ಲಿ ಮುಖ್ಯ. ಶುಲ್ಕಕ್ಕಾಗಿ ತಿಂಗಳುಗಟ್ಟಲೆ ಅಲೆಯುವ ಸಲಹೆಗಾರನಿಗೆ ಯಂತ್ರ ಮಾರುವವನ ಕಮಿಷನ್ ಆಕರ್ಷಕವಾಗಿ ಕಂಡರೆ ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ನಿಷ್ಠುರವಾದ ಸತ್ಯ ನಮಗೆ ಬೇಕೆಂದಾದರೆ, ಅದನ್ನು ಹೇಳುವವನ ಶುಲ್ಕವನ್ನು ಸಕಾಲದಲ್ಲಿ ಸಲ್ಲಿಸುವುದನ್ನು ಸದಸ್ಯರೆಲ್ಲರೂ ರೂಢಿಸಿಕೊಳ್ಳಬೇಕು.