ಆಕಾಶ್ ಸೋತದ್ದು ಅಗ್ಗವಾಗಿದ್ದಕ್ಕಲ್ಲ

'ಕೊಟ್ಟ ಕಾಸಿಗೆ ತಕ್ಕ ಕಜ್ಜಾಯ ಬಿಡಿ.' ಆಕಾಶ್ ಟ್ಯಾಬ್ಲೆಟ್ಟಿನ ಮಾತು ಬಂದಾಗಲೆಲ್ಲ ಹೈದರಾಬಾದಿನ ನಮ್ಮ ಐಟಿ ಕನ್ನಡಿಗರು ಹೀಗೆ ಹೇಳಿ ಕೈತೊಳೆದುಕೊಳ್ಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ.

2011ರ ಅಕ್ಟೋಬರ್ 5ರಂದು ಕಪಿಲ್ ಸಿಬಲ್ ದೆಹಲಿಯಲ್ಲಿ ಬಿಡುಗಡೆ ಮಾಡಿದ ಆ ಏಳಿಂಚಿನ ಯಂತ್ರ ಜೋಡಣೆಯಾದದ್ದು ಇದೇ ಊರಿನ ಕ್ವಾಡ್ ಕಂಪನಿಯಲ್ಲಿ. ಒಂದು ಲಕ್ಷ ಯಂತ್ರಗಳ ಆರ್ಡರ್ ಇದ್ದದ್ದು ಡೇಟಾವಿಂಡ್ ಹೆಸರಿನಲ್ಲಿ. ಬೆಲೆ ಸುಮಾರು 2,250 ರೂಪಾಯಿ. ಇಬ್ಬರೂ ಮಾಡುತ್ತಿದ್ದದ್ದು ಒಂದೇ ಯಂತ್ರ, ಹಾಕುತ್ತಿದ್ದ ಲೆಕ್ಕ ಮಾತ್ರ ಬೇರೆ. ಡೇಟಾವಿಂಡಿಗೆ ಯಂತ್ರದಲ್ಲಿ ಹೆಚ್ಚು ಲಾಭ ಬೇಕಿರಲಿಲ್ಲ. ಇಂಟರ್ನೆಟ್ ಸಂಪರ್ಕ, ಆ್ಯಪ್, ಜಾಹೀರಾತುಗಳಿಂದ ಮುಂದೆ ಗಳಿಸುವ ಯೋಚನೆ ಅದರದು. ಕಾರ್ಖಾನೆ ಬದುಕುವುದು ಇಂದು ಸಾಗಿಸಿದ ಮಾಲಿನಿಂದ. ನಾಳೆಯ ಜಾಹೀರಾತಿನ ಹಣ ಈ ತಿಂಗಳ ಸಂಬಳಕ್ಕೆ ಒದಗುವುದಿಲ್ಲ. 2012ರಲ್ಲಿ ಜಗಳ ಬೀದಿಗೆ ಬಂತು. ಬರಬೇಕಾದ ಹಣ ಬಂದಿಲ್ಲ ಎಂದು ಕ್ವಾಡ್, ನಮ್ಮನ್ನು ದಾಟಿ ನೇರ ವ್ಯವಹಾರಕ್ಕೆ ಕೈಹಾಕಿದರು ಎಂದು ಡೇಟಾವಿಂಡ್ ಆರೋಪಿಸಿದವು.

ಇವರಿಬ್ಬರ ನಡುವೆ ವಿದ್ಯಾರ್ಥಿಗೆ ಸಿಕ್ಕಿದ್ದೇನು? ವೈಫೈ ಮಾತ್ರ ಇರುವ ಯಂತ್ರ. ಸಿಮ್ ಹಾಕಿ ಇಂಟರ್ನೆಟ್ ನೋಡುವ ಮಾದರಿ ಮಾರುಕಟ್ಟೆಗೆಂದು ಬೇರೆಯೇ ಇತ್ತು, 2,999 ರೂಪಾಯಿಗೆ. ವೈಫೈಯೇ ಇಲ್ಲದ ಕಾಲೇಜಿನ ಹುಡುಗಿಗೆ ಇಂಟರ್ನೆಟ್ ಯುಗದ ಹೆಸರಿನಲ್ಲಿ ಕೊಟ್ಟದ್ದು ಇಂಟರ್ನೆಟ್ಟಿಲ್ಲದ ಹಲಗೆ!

ಬೆಂಗಳೂರಿನ ಸಿಂಪ್ಯೂಟರ್ ಬೇರೆ ದಾರಿ ಹಿಡಿದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಮೇಷ್ಟರುಗಳು ಮತ್ತು ಎನ್‌ಕೋರ್ ಸೇರಿ ರೂಪಿಸಿದ ಆ ಯಂತ್ರವನ್ನು ಹಲವರು ಹಂಚಿಕೊಳ್ಳಬಹುದಿತ್ತು. ಪ್ರತಿಯೊಬ್ಬರಿಗೂ ಒಂದು ಸ್ಮಾರ್ಟ್ ಕಾರ್ಡ್ ಇದ್ದರೆ ಸಾಕು. ಓದು ಬಾರದವರಿಗೆ ಅದು ನಮ್ಮ ಭಾಷೆಯಲ್ಲೇ ಓದಿ ಹೇಳಬೇಕು ಎಂಬುದು ಮೊದಲಿನಿಂದಲೂ ಇದ್ದ ಆಸೆ. 2004ರಲ್ಲಿ ಅಮಿಡಾ ಹೆಸರಿನಲ್ಲಿ ಅಂಗಡಿಗೆ ಬಂತು, ಹೆಚ್ಚು ಮಾರಾಟವಾಗಲಿಲ್ಲ. ಒಳ್ಳೆಯ ಉದ್ದೇಶವಿತ್ತು, ವರ್ಷವರ್ಷವೂ ಖರ್ಚು ಹೊರುವವರು ಇರಲಿಲ್ಲ.

ಕೊನೆಗೆ ಗೆದ್ದದ್ದು 2017ರ ಜಿಯೋಫೋನ್. 1,500 ರೂಪಾಯಿ ಠೇವಣಿ, ಅವರದೇ ಸಿಮ್. ಡೇಟಾವಿಂಡ್ ಕಂಡ ಕನಸನ್ನು ನೆಟ್‌ವರ್ಕಿನ ಒಡೆಯರೇ ನನಸು ಮಾಡಿಕೊಂಡರು. ಯಂತ್ರ ಅಗ್ಗವಾಯಿತು, ದಾರಿಗೆ ಒಬ್ಬನೇ ಸುಂಕದವನಾದ. ಇದನ್ನು ಬಡವರ ಗೆಲುವು ಎಂದು ಕರೆಯಲು ನನಗೆ ನಾಲಿಗೆ ಹೊರಳದು.

ಆದ್ದರಿಂದ ಸರ್ಕಾರಗಳು ಮಕ್ಕಳಿಗೆ ಟ್ಯಾಬ್ಲೆಟ್ ಹಂಚುತ್ತೇವೆ ಎಂದಾಗ ಬೆಲೆ ಕೇಳಿ ಚಪ್ಪಾಳೆ ತಟ್ಟಬೇಡಿ. ಸಂಪರ್ಕಕ್ಕೆ ಹಣ ಕೊಡುವವರು ಯಾರು? ಕೆಟ್ಟರೆ ರಿಪೇರಿ ಎಲ್ಲಿ? ಒಳಗೆ ಕನ್ನಡದ, ತೆಲುಗಿನ ಪಾಠಗಳಿವೆಯೇ? ಈ ಮೂರಕ್ಕೂ ಟೆಂಡರಿನಲ್ಲೇ ಉತ್ತರವಿರಬೇಕು. ಬೆಲೆ ಎರಡರಷ್ಟಾಗುತ್ತದೆಯೇ? ಆಗಲಿ. ಟೆಂಡರ್ ಓದಲು, ಬರೆಯಲು ಬರುವವರು ನಾವೇ. ನಾವೇ ಕೇಳದಿದ್ದರೆ ಆ ಹುಡುಗಿಯ ಪರವಾಗಿ ಇನ್ನಾರು ಕೇಳುತ್ತಾರೆ?