ಹಳ್ಳಿಯ ಶಾಲೆಯ ವಾರ್ತಾಪತ್ರ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಗ್ರಾಮೀಣ ಪ್ರೌಢಶಾಲೆಗಳ ವಾರ್ತಾಪತ್ರಗಳಲ್ಲಿ ಕೃಷಿಮೇಳಕ್ಕೆ ವಿದ್ಯಾರ್ಥಿಗಳು ಒಯ್ದ ಹೋರಿಗಳ ಸುದ್ದಿ, ಏಪ್ರಿಲ್ 25ರ ಆನ್ಜಾಕ್ ಸ್ಮರಣೆಯ ಮೆರವಣಿಗೆ, ಅಕ್ಟೋಬರಿನಲ್ಲಿ ತೊಡಗುವ ಹನ್ನೆರಡನೆಯ ತರಗತಿಯ ಪರೀಕ್ಷೆಯ ಸೂಚನೆ, ಎಲ್ಲವೂ ಅಕ್ಕಪಕ್ಕದಲ್ಲೇ ಇರುತ್ತವೆ. ನಗರವಾಸಿಗಳಿಗೆ ಇವು ಕ್ಷುಲ್ಲಕವೆನಿಸಬಹುದು. ನಾವು ಹಾಗೆ ಭಾವಿಸುವುದಿಲ್ಲ. ಚದುರಿದ ಊರೊಂದು ಒಟ್ಟುಗೂಡುವುದು ಇಂಥ ದಿನಗಳಲ್ಲೇ.

ಆದರೆ ಮಕ್ಕಳು ಕಡಿಮೆಯಿರುವ ಶಾಲೆಯಲ್ಲಿ ಭೌತಶಾಸ್ತ್ರಕ್ಕೋ ಉನ್ನತ ಗಣಿತಕ್ಕೋ ಪ್ರತ್ಯೇಕ ತರಗತಿ ನಡೆಸುವುದು ಕಷ್ಟ. ಅನುಕೂಲಸ್ಥರು ತಮ್ಮ ಮಕ್ಕಳನ್ನು ದೂರದ ವಸತಿಶಾಲೆಗೆ ಕಳುಹಿಸುತ್ತಾರೆ. ಇದ್ದ ಸಂಖ್ಯೆಯೂ ಇಳಿಯುತ್ತದೆ. 1951ರಲ್ಲೇ ಆಲಿಸ್ ಸ್ಪ್ರಿಂಗ್ಸ್‌ನಿಂದ ರೇಡಿಯೋ ಮೂಲಕ ಒಂಟಿಮನೆಗಳ ಮಕ್ಕಳಿಗೆ ಪಾಠ ಹೇಳಿದ ದೇಶವದು. 2015ರಲ್ಲಿ ನ್ಯೂ ಸೌತ್ ವೇಲ್ಸ್ ಆರಂಭಿಸಿದ ಅರೋರಾ ಕಾಲೇಜಿನ ವಿದ್ಯಾರ್ಥಿಗಳು ತಮ್ಮೂರಿನ ಶಾಲೆಯಲ್ಲೇ ಕುಳಿತು ಅಂತರ್ಜಾಲದ ಮೂಲಕ ಕಲಿಯುತ್ತಾರೆ.

ಮಕ್ಕಳಿಲ್ಲವೆಂಬ ಕಾರಣಕ್ಕೆ ಹೊರನಾಡಿನ ಕನ್ನಡ ಶಾಲೆಗಳು ಬಾಗಿಲು ಹಾಕುವುದನ್ನು ಕಂಡಿರುವ ನಮಗೆ ಈ ಹಾದಿ ವಿವೇಕದ್ದಾಗಿ ತೋರುತ್ತದೆ. ಕೇವಲ ತಲೆಯೆಣಿಕೆಯಿಂದ ಶಾಲೆಯ ಬೆಲೆ ಕಟ್ಟಲಾಗದು. ಮೇಳಕ್ಕೆ ಹೋರಿಯನ್ನು ಸಿದ್ಧಪಡಿಸಿದ ಹುಡುಗಿ ಭೌತಶಾಸ್ತ್ರ ಕಲಿಯಲೆಂದು ಊರು ತೊರೆಯುವಂತಾಗಬಾರದು.